ಮಲಗಿದ್ದರೆ ಎರಡಾಣೆ, ಹೊರಳಿದರೆ ಹದಿನಾಲ್ಕಾಣೆ: ಸೊಂಟದ ಹತ್ತಿರದ ಮೂಳೆ ಆಪರೇಷನ್ ನಂತರದ ನೋವು, ಒಂದು ಪ್ರಕರಣ ಅಧ್ಯಯನ

ಮೊದಲೇ ಹೇಳಿಬಿಡುತ್ತೇನೆ, ಇದು ಒಬ್ಬರದೇ ಕೇಸ್ ಶೀಟ್ ಅಲ್ಲ. ಮೂಳೆ ವಾರ್ಡಿನಲ್ಲಿ ಮತ್ತೆ ಮತ್ತೆ ಕಾಣುವ ಅಜ್ಜಿಯರ ಸಂಗತಿಗಳನ್ನು ಒಂದೆಡೆ ಸೇರಿಸಿ, ಯಾರ ಗುರುತೂ ಸಿಗದ ಹಾಗೆ ಬರೆದದ್ದು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಬೇಕಾಗುತ್ತದೆ ಅಂತ ಔಷಧದ ಲೆಕ್ಕವನ್ನೂ ಬಿಡಿಸಿ ಬರೆದಿದ್ದೇನೆ. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ಓದಬಹುದು, ಆದರೆ ಡೋಸ್ ನಿರ್ಧಾರ ಡಾಕ್ಟರದ್ದೇ.

ರೋಗಿ

78 ವರ್ಷದ ಅಜ್ಜಿ. ಹಾಸನ ಕಡೆಯ ಹಳ್ಳಿ. ತೂಕ 44 ಕೆಜಿ. ಬೆಳಿಗ್ಗೆ ಬಚ್ಚಲಲ್ಲಿ ಕಾಲು ಜಾರಿ ಬಲಮಗ್ಗುಲಿಗೆ ಬಿದ್ದರು. ಎದ್ದೇಳಲು ಆಗಲಿಲ್ಲ. ಕಾಲು ಹೊರಗಡೆ ತಿರುಗಿಕೊಂಡು ಗಿಡ್ಡವಾದಂತೆ ಕಾಣುತ್ತಿತ್ತು. ಎಕ್ಸ್‌ರೇಯಲ್ಲಿ ತೊಡೆ ಮೂಳೆಯ ಮೇಲ್ಭಾಗ, ಸೊಂಟದ ಕೀಲಿಗಿಂತ ಸ್ವಲ್ಪ ಕೆಳಗೆ ಮುರಿದಿತ್ತು. ಇಂಟರ್‌ಟ್ರೋಕ್ಯಾಂಟರಿಕ್ ಫ್ರ್ಯಾಕ್ಚರ್ ಅನ್ನುವುದು ಇದಕ್ಕೇ. ಮಾರನೇ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂಳೆಯೊಳಗೆ ರಾಡ್ ಹಾಕಿದರು. ಆಪರೇಷನ್ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯಿತು.

ಹಳೆಯ ಕಾಯಿಲೆ ಅಂದರೆ ಬಿಪಿ ಒಂದೇ. ಅದಕ್ಕೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಒಂದು ಮಾತ್ರೆ. ಸಕ್ಕರೆ ಕಾಯಿಲೆ ಇಲ್ಲ. ಎಡಗಿವಿ ಮಂದ. ಬೀಳುವ ಮೊದಲು ಯಾರ ಸಹಾಯವೂ ಇಲ್ಲದೆ ಓಡಾಡಿಕೊಂಡು, ಎಮ್ಮೆಗೆ ಹುಲ್ಲು ಹಾಕಿಕೊಂಡು ಇದ್ದವರು. ಮರೆವಿನ ತೊಂದರೆ ಇರಲಿಲ್ಲ ಅಂತ ಸೊಸೆ ಖಂಡಿತವಾಗಿ ಹೇಳಿದರು. ಈ ಒಂದು ಸಾಲನ್ನು ಸೇರಿಸಿಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಂಡಿದ್ದು ಆಮೇಲೆ ತುಂಬ ಕೆಲಸಕ್ಕೆ ಬಂತು.

ಮೊದಲ ಎರಡು ದಿನ, ಚಾರ್ಟ್ ಹೇಳಿದ್ದು

ಆಪರೇಷನ್ ನಂತರದ ಆರ್ಡರ್ ಹೀಗಿತ್ತು: ಪ್ಯಾರಸಿಟಮಾಲ್ ಡ್ರಿಪ್ 1 ಗ್ರಾಂ, ಮಾರ್ಫಿನ್ ಗುಂಪಿನ ನೋವಿನ ಇಂಜೆಕ್ಷನ್ ಟ್ರಮಡಾಲ್ 50 ಮಿಲಿಗ್ರಾಂ. ಎರಡರ ಮುಂದೆಯೂ ‘ಎಸ್‌ಒಎಸ್’. ಅಂದರೆ ಬೇಕು ಅಂದಾಗ ಕೊಡಿ. ಬೇಕು ಅಂತ ಯಾರು ಹೇಳಬೇಕು? ರೋಗಿ.

ಬೆನ್ನಿನ ಇಂಜೆಕ್ಷನ್ನಿನ ಜೋಮು ಸಂಜೆ ನಾಲ್ಕರ ಹೊತ್ತಿಗೆ ಇಳಿಯಿತು. ನೋವು ಹತ್ತಕ್ಕೆ ಆರು ಅಂತ ಬರೆದಿದೆ. ಟ್ರಮಡಾಲ್ ಕೊಟ್ಟರು. ಅಜ್ಜಿಗೆ ಎರಡು ಸಲ ವಾಂತಿ ಆಯಿತು. ಅಲ್ಲಿಂದ ಮುಂದೆ ಚಾರ್ಟ್ ನೋಡಿದರೆ ಬಹಳ ಅಚ್ಚುಕಟ್ಟು. ರಾತ್ರಿ ಎಂಟಕ್ಕೆ 2. ಮಧ್ಯರಾತ್ರಿ 2. ಬೆಳಿಗ್ಗೆ 2. ಮಾರನೇ ದಿನ ಪೂರ್ತಿ 1 ಮತ್ತು 2. ಪ್ಯಾರಸಿಟಮಾಲ್ ಆ ಇಡೀ ದಿನ ಒಂದೇ ಸಲ ಹೋಗಿದೆ. ಟ್ರಮಡಾಲ್ ರಾತ್ರಿ ಇನ್ನೊಂದು ಸಲ, ಅದೂ ಮಗ ಬಂದು ಕೇಳಿದ್ದಕ್ಕೆ.

ಅದೇ ದಿನದ ಬೇರೆ ಕಾಗದಗಳಲ್ಲಿ ಬೇರೆ ಸಂಗತಿ ಇದೆ. ಫಿಸಿಯೋ ಬರೆದಿದ್ದು: ‘ರೋಗಿ ಸಹಕರಿಸಲಿಲ್ಲ, ಕೂರಲು ಒಪ್ಪಲಿಲ್ಲ.’ ಕುಡಿದದ್ದು, ಮೂತ್ರ ಹೋದದ್ದು ಬರೆಯುವ ಹಾಳೆಯಲ್ಲಿ ಬಾಯಿಂದ ಹೋದದ್ದು ಸುಮಾರು 450 ಎಂಎಲ್ ಮಾತ್ರ. ಬೆಳಿಗ್ಗೆ ಯೂರಿನ್ ಪೈಪ್ ತೆಗೆದಿದ್ದಾರೆ. ಡ್ರಿಪ್ ಕೂಡ ನಿಲ್ಲಿಸಿದ್ದಾರೆ, ಬಾಯಿಂದ ತಗೊಳ್ತಾರಲ್ಲ ಅಂತ. ನೋವಿನ ಕಾಲಂ, ಫಿಸಿಯೋ ಹಾಳೆ, ನೀರಿನ ಲೆಕ್ಕ ಮೂರೂ ಒಂದೇ ಫೈಲಿನಲ್ಲಿವೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಹೊತ್ತು ಮಾತ್ರ ಯಾರಿಗೂ ಇರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಅಜ್ಜಿ ಮಂಕಾಗಿದ್ದರು. ಸೊಸೆಯನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ಹೊದಿಕೆಯ ದಾರ ಎಳೆಯುತ್ತಾ ಮಲಗಿದ್ದರು. ಕೇಳಿದ್ದಕ್ಕೆ ಉತ್ತರ ಕೊಡುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಮಗ ಹೇಳಿದ್ದು, “ವಯಸ್ಸಾಯ್ತಲ್ಲ ಸಿಸ್ಟರ್, ಅರಳು ಮರಳು.” ಪಕ್ಕದ ಬೆಡ್ಡಿನವರು ಮತ್ತು ಬರುವ ಹೋಗುವ ನೆಂಟರೆಲ್ಲ ಅದಕ್ಕೆ ತಲೆಯಾಡಿಸಿದರು. ಮೊನ್ನೆಯವರೆಗೆ ಎಮ್ಮೆ ನೋಡಿಕೊಳ್ಳುತ್ತಿದ್ದವರಿಗೆ ಎರಡು ರಾತ್ರಿಯಲ್ಲಿ ಅರಳು ಮರಳು ಬರುವುದಿಲ್ಲ. ಎರಡು ರಾತ್ರಿಯಲ್ಲಿ ಬರುವುದು ಡೆಲಿರಿಯಂ, ಅಂದರೆ ಕಾಯಿಲೆ, ಔಷಧ, ನೋವಿನಂಥ ಕಾರಣಕ್ಕೆ ಇದ್ದಕ್ಕಿದ್ದಂತೆ ಬರುವ ಬುದ್ಧಿಯ ಗೊಂದಲ.

ಬೆಡ್ಡಿನ ಪಕ್ಕದಲ್ಲಿ

ಡೆಲಿರಿಯಂ ಅಂದರೆ ಕೂಗಾಡುವುದು, ಪೈಪ್ ಕಿತ್ತುಹಾಕುವುದು ಅಂತ ನಮ್ಮ ನರ್ಸಿಂಗ್ ಹುಡುಗಿಯರಿಗೂ ಒಂದು ಕಲ್ಪನೆ ಇದೆ. ಸುಮ್ಮನೆ ಮಂಕಾಗಿ ಮಲಗುವ ಬಗೆಯೂ ಇದೆ. ವಾರ್ಡಿನಲ್ಲಿ ತಪ್ಪಿಹೋಗುವುದು ಅದೇ ಜಾಸ್ತಿ, ಯಾಕೆಂದರೆ ಆ ರೋಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಗಮನ ನಿಲ್ಲುತ್ತದೆಯಾ ಅಂತ ನೋಡಲು ವಾರಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿದೆವು. ಬಲಗಿವಿಯ ಹತ್ತಿರ ಬಾಯಿಟ್ಟು ಕೇಳಿದೆವು, ಕಿವಿ ಕೇಳದ್ದನ್ನೇ ಗೊಂದಲ ಅಂತ ಬರೆಯಬಾರದಲ್ವಾ. ಶನಿವಾರ, ಶುಕ್ರವಾರ ಅಂದವರು ಅಲ್ಲೇ ನಿಂತರು. ಮತ್ತೆ ಶನಿವಾರ ಅಂದರು.

ಹತ್ತು ಗಂಟೆಯ ಹೊತ್ತಿಗೆ ಸ್ವಲ್ಪ ತಿಳಿಯಾದರು. ಹೀಗೆ ಏರಿ ಇಳಿಯುವುದೂ ಡೆಲಿರಿಯಂನ ಲಕ್ಷಣವೇ. ಆಗ ಕೇಳಿದೆ:

“ಅಜ್ಜಿ, ನೋವಿದೆಯಾ?”

“ಇಲ್ಲ ಕಣವ್ವ.”

“ಸರಿ, ಸ್ವಲ್ಪ ಈ ಕಡೆ ಹೊರಳಿ ನೋಡೋಣ.”

ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹುಬ್ಬು ಗಂಟಾಯಿತು. ಉಸಿರು ಬಿಗಿಹಿಡಿದರು. ಕಾಲನ್ನು ಒಂದಿಂಚೂ ಅಲ್ಲಾಡಿಸಲು ಬಿಡಲಿಲ್ಲ. ಮಾತಿನಲ್ಲಿ ಹೇಳಲಾಗದವರ ನೋವು ಅಳೆಯಲು ‘ಪೇನ್ಆ್ಯಡ್’ ಅನ್ನುವ ಅಳತೆ ಇದೆ. ಉಸಿರು, ನರಳಾಟ, ಮುಖ, ಮೈ ಬಿಗಿತ, ಸಮಾಧಾನ ಮಾಡಿದರೆ ಆಗ್ತಾರಾ ಅನ್ನುವುದು, ಈ ಐದಕ್ಕೆ ತಲಾ 0ಯಿಂದ 2. ಹೊರಳಿಸುವಾಗ ಅವರದ್ದು 7 ಬಂತು. ಸುಮ್ಮನೆ ಮಲಗಿದಾಗ 1.

ಹತ್ತರಲ್ಲಿ ಎಷ್ಟು ಅಂತ ಕೇಳಿದರೆ ಶಾಲೆ ಮೆಟ್ಟಿಲು ಹತ್ತದವರಿಗೆ ಅದು ಪರೀಕ್ಷೆಯ ಹಾಗೆ ಕೇಳಿಸುತ್ತದೆ. ಅವರ ಕಾಲದ ಲೆಕ್ಕ ಹಿಡಿದೆ. ಒಂದು ರೂಪಾಯಿಗೆ ಹದಿನಾರಾಣೆ, ನೋವು ಎಷ್ಟಾಣೆ? ಅಜ್ಜಿ ಯೋಚನೆಯನ್ನೇ ಮಾಡಲಿಲ್ಲ. “ಮಲಗಿದ್ರೆ ಎರಡಾಣೆ. ಹೊರಳಿದ್ರೆ ಹದಿನಾಲ್ಕಾಣೆ.” ಹತ್ತರ ಲೆಕ್ಕದಲ್ಲಿ ಮಲಗಿದಾಗ 1, ಹೊರಳಿದಾಗ 9. ಚಾರ್ಟಿನಲ್ಲಿದ್ದ 1 ಮತ್ತು 2 ಸುಳ್ಳೇನಲ್ಲ. ಪ್ರತಿ ಸಲವೂ ಅವರು ಅಲ್ಲಾಡದೆ ಮಲಗಿದ್ದಾಗ ಕೇಳಿ ಬರೆದದ್ದು ಅಷ್ಟೇ.

ನೀರಿನ ವಿಷಯ ಸೊಸೆಯಿಂದ ಗೊತ್ತಾಯಿತು. “ನೀರು ಕೊಟ್ರೆ ಬೇಡ ಅಂತಾರೆ ಸಿಸ್ಟರ್. ಕುಡಿದ್ರೆ ಒಂದಕ್ಕೆ ಹೋಗಬೇಕಲ್ಲ. ಆ ಪಾತ್ರೆ ಇಡುವಾಗ ಜೀವ ಹೋಗುತ್ತೆ ಅಂತಾರೆ.” ಯೂರಿನ್ ಪೈಪ್ ಇದ್ದಷ್ಟು ಹೊತ್ತು ಕುಡಿದಿದ್ದರು. ಅದು ಹೋಗಿ ಬೆಡ್‌ಪ್ಯಾನ್ ಬಂದ ಮೇಲೆ ಲೋಟ ಮುಟ್ಟಲಿಲ್ಲ. ಬೆಡ್‌ಪ್ಯಾನ್ ಇಡಬೇಕಾದರೆ ಸೊಂಟ ಎತ್ತಬೇಕು. ಸೊಂಟ ಎತ್ತುವುದೇ ಹದಿನಾಲ್ಕಾಣೆಯ ಕೆಲಸ. ಅದಕ್ಕೆ ಅಜ್ಜಿ ತಮಗೆ ತಿಳಿದ ದಾರಿ ಹುಡುಕಿಕೊಂಡಿದ್ದರು.

ನೋವಿಲ್ಲ ಅಂತ ಯಾಕೆ ಹೇಳಿದಿರಿ ಅಂತ ಆಮೇಲೆ ನಿಧಾನವಾಗಿ ಕೇಳಿದಾಗ ಎರಡು ಕಾರಣ ಬಂತು. ಇಂಜೆಕ್ಷನ್ ಕೊಟ್ಟರೆ ವಾಂತಿ ಆಗುತ್ತದೆ. ಇನ್ನೊಂದು, “ಮಗನಿಗೆ ಆಗಲೇ ಎಷ್ಟೋ ಖರ್ಚಾಗಿದೆ.” ಎರಡನೆಯದಕ್ಕೆ ನಮ್ಮ ಯಾವ ಸ್ಕೇಲಿನಲ್ಲೂ ಜಾಗ ಇಲ್ಲ.

ನೋವೇ ಕಾರಣ ಅನ್ನುವ ಮೊದಲು

ಇಲ್ಲಿ ಅವಸರ ಮಾಡಬಾರದು. ಆಪರೇಷನ್ ಆದ ಕಾಲಿನಲ್ಲಿ ನೋವು ಜಾಸ್ತಿ ಅಂದರೆ ನೋವಿನ ಔಷಧ ಕಡಿಮೆಯಾಗಿದೆ ಅಂತಲೇ ಆಗಬೇಕಾಗಿಲ್ಲ. ತೊಡೆ ಮುಟ್ಟಿ ನೋಡಿದೆವು. ಮೆತ್ತಗಿತ್ತು, ಬಿಗಿದು ಕಲ್ಲಾಗಿರಲಿಲ್ಲ. ಕಾಲ್ಬೆರಳು ಆಡಿಸುತ್ತಿದ್ದರು, ಮುಟ್ಟಿದ್ದು ಗೊತ್ತಾಗುತ್ತಿತ್ತು, ಪಾದದ ಮೇಲಿನ ನಾಡಿ ಸಿಗುತ್ತಿತ್ತು. ಉಗುರು ಒತ್ತಿ ಬಿಟ್ಟರೆ ಬಣ್ಣ ಬೇಗ ವಾಪಸು ಬರುತ್ತಿತ್ತು. ಮೀನಖಂಡ ಊದಿರಲಿಲ್ಲ. ಡ್ರೆಸ್ಸಿಂಗ್ ಒಣಗಿತ್ತು. ಕೆಳಹೊಟ್ಟೆ ಒತ್ತಿ ನೋಡಿದರೆ ಮೂತ್ರ ಕಟ್ಟಿಕೊಂಡಿರಲಿಲ್ಲ. ಬೆನ್ನಿನ ಇಂಜೆಕ್ಷನ್ ಆದವರಲ್ಲಿ ಮೂತ್ರ ಕಟ್ಟಿಯೇ ಒದ್ದಾಡುವವರು ಇರುತ್ತಾರೆ, ಅದನ್ನು ನೋಡದೆ ನಿದ್ದೆ ಇಂಜೆಕ್ಷನ್ ಕೊಟ್ಟರೆ ಕಷ್ಟ. ಮಲ ಹೋಗಿ ಮೂರು ದಿನ ಆಗಿತ್ತು.

ನಾಡಿ 104. ಬಿಪಿ 148/86. ಉಸಿರು ನಿಮಿಷಕ್ಕೆ 22. ಆಮ್ಲಜನಕ 93. ಜ್ವರ 99.2. ಸಕ್ಕರೆ ಸರಿ ಇತ್ತು. ರಕ್ತ ಕಳಿಸಿದಾಗ ಸೋಡಿಯಂ 131, ಹಿಮೋಗ್ಲೋಬಿನ್ 9.1. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಸೇರುವಾಗ 1.1 ಇದ್ದದ್ದು 1.4 ಆಗಿತ್ತು. 1.4 ಏನು ಮಹಾ ಅನ್ನಿಸುತ್ತದೆ. 44 ಕೆಜಿಯ, 78 ವರ್ಷದ ಹೆಂಗಸಿಗೆ ಅದು ಕಿಡ್ನಿ ಸಾಕಷ್ಟು ಸೋತಿದೆ ಅನ್ನುವ ಲೆಕ್ಕ. ಟ್ರಮಡಾಲ್ ಹೊರಗೆ ಹೋಗುವುದು ಬಹುಪಾಲು ಕಿಡ್ನಿಯಿಂದಲೇ. ಅದು ಉಳಿದುಕೊಂಡರೆ ಮಂಕು, ವಾಂತಿ, ಗೊಂದಲ.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವಾಗ “ಅಜ್ಜಿ ಕನ್‌ಫ್ಯೂಸ್ ಆಗಿದ್ದಾರೆ, ಬನ್ನಿ” ಅಂದರೆ ನಿದ್ದೆಗೆ ಏನಾದರೂ ಬರೆದುಕೊಟ್ಟು ಹೋಗುವ ಸಾಧ್ಯತೆ ಇದೆ. ಅವರಿಗೂ ನಾಲ್ಕು ವಾರ್ಡ್. ಅದಕ್ಕೆ ಹೀಗೆ ಹೇಳಿದೆವು: “ರಾಡ್ ಹಾಕಿ ಎರಡನೇ ದಿನ. ಮೊದಲು ಬುದ್ಧಿ ಸರಿ ಇತ್ತು, ಇವತ್ತು ಬೆಳಿಗ್ಗೆಯಿಂದ ಗೊಂದಲ. ಮಲಗಿದರೆ ನೋವು 1, ಹೊರಳಿದರೆ 9. ನಿನ್ನೆ ಪ್ಯಾರಸಿಟಮಾಲ್ ಹೋಗಿದ್ದು ಒಂದೇ ಡೋಸ್. ನೋವಿಗೆ ಹೆದರಿ ನೀರು ಕುಡಿದಿಲ್ಲ. ಕ್ರಿಯಾಟಿನಿನ್ ಏರಿದೆ, ಸೋಡಿಯಂ ಇಳಿದಿದೆ. ಕಾಲಿನ ರಕ್ತ ಓಟ ಸರಿ ಇದೆ. ನೋವಿನ ಆರ್ಡರ್ ಬದಲಾಗಬೇಕು. ಬ್ಲಾಕ್ ಕೊಡಲು ಆಗುತ್ತದಾ ಅಂತ ಅರಿವಳಿಕೆ ಡಾಕ್ಟರನ್ನು ಕೇಳಬಹುದಾ?” ಕೊನೆಯ ಎರಡು ವಾಕ್ಯ ಮುಖ್ಯ (ಬ್ಲಾಕ್ ಅಂದರೆ ನೋವಿನ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್). ಏನು ಬೇಕು ಅಂತ ನರ್ಸ್ ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ.

ಏನು ಬದಲಾಯಿತು

ಅರಿವಳಿಕೆ ಡಾಕ್ಟರ್ ಹನ್ನೊಂದಕ್ಕೆ ಬಂದು, ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಸಂದಿಯ ಹತ್ತಿರ ಫ್ಯಾಷಿಯಾ ಇಲಿಯಾಕಾ ಬ್ಲಾಕ್ ಕೊಟ್ಟರು. ಮರಗಟ್ಟಿಸುವ ಔಷಧ 0.2 ಶೇಕಡಾ ರೋಪಿವಕೇನ್, 30 ಎಂಎಲ್. ಸೊಂಟ, ತೊಡೆಯ ಮುಂಭಾಗದಿಂದ ನೋವಿನ ಸುದ್ದಿ ಹೊತ್ತು ಹೋಗುವ ನರಗಳು ಇದರಿಂದ ಕೆಲವು ಗಂಟೆ ಸುಮ್ಮನಾಗುತ್ತವೆ. ತಲೆಗೆ ಮಂಕು ಹಿಡಿಸುವುದಿಲ್ಲ. ಬ್ಲಾಕ್ ಆದ ಮೇಲೆ ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇರಬೇಕು. ತುಟಿ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಬಾಯಲ್ಲಿ ಲೋಹದ ರುಚಿ ಇವು ಔಷಧ ರಕ್ತಕ್ಕೆ ಜಾಸ್ತಿ ಸೇರಿದ ಮೊದಲ ಸುಳಿವು. ಇನ್ನೊಂದು ಎಚ್ಚರ: ತೊಡೆಯ ಸ್ನಾಯು ಸೋತಿರುತ್ತದೆ. ನೋವಿಲ್ಲವಲ್ಲ ಅಂತ ಒಬ್ಬರೇ ಇಳಿದರೆ ಮತ್ತೆ ಬೀಳುತ್ತಾರೆ. ಇದನ್ನು ಸೊಸೆಗೆ ಎರಡು ಸಲ ಹೇಳಿದೆವು.

ಪ್ಯಾರಸಿಟಮಾಲ್ ಎಸ್‌ಒಎಸ್‌ನಿಂದ ಆರು ಗಂಟೆಗೊಮ್ಮೆ ಅಂತ ಆಯಿತು. ಡೋಸ್ ಕೂಡ ಬದಲಾಯಿತು. 50 ಕೆಜಿಗಿಂತ ಕಡಿಮೆ ಇದ್ದವರಿಗೆ ಡ್ರಿಪ್ಪಿನಲ್ಲಿ ಕೆಜಿಗೆ 15 ಮಿಲಿಗ್ರಾಂ. 44 ಕೆಜಿಗೆ 660 ಮಿಲಿಗ್ರಾಂ. 100 ಎಂಎಲ್ ಬಾಟಲಿಯಲ್ಲಿ 1 ಗ್ರಾಂ ಇರುತ್ತದೆ, ಅಂದರೆ 66 ಎಂಎಲ್ ಹೋದ ಮೇಲೆ ನಿಲ್ಲಿಸಬೇಕು. ನಾಲ್ಕು ಸಲಕ್ಕೆ 2,640 ಮಿಲಿಗ್ರಾಂ, ಕೆಜಿಗೆ 60ರ ಮಿತಿ ಅಲ್ಲಿಗೆ ಸರಿಯಾಗಿ ಮುಗಿಯುತ್ತದೆ. ಬಾಟಲಿ ಪೂರ್ತಿ ಓಡಿಸುವುದು ವಾರ್ಡುಗಳಲ್ಲಿ ಕೈಗೆ ಅಂಟಿದ ಅಭ್ಯಾಸ. ಸಣ್ಣ ಮೈಯವರಿಗೆ ಅದು ಲಿವರಿಗೆ ಒಳ್ಳೆಯದಲ್ಲ.

ಟ್ರಮಡಾಲ್ ನಿಂತಿತು. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಬೇಡವೇ ಬೇಡ ಅಂತ ದೊಡ್ಡಕ್ಷರದಲ್ಲಿ ಬರೆಸಿದೆವು. ಬಿಪಿಗೆ ಟೆಲ್ಮಿಸಾರ್ಟಾನ್, ಅದೇ ಮಾತ್ರೆಯಲ್ಲಿ ನೀರು ಇಳಿಸುವ ಹೈಡ್ರೋಕ್ಲೋರೋಥಯಾಜೈಡ್, ಅದರ ಮೇಲೆ ಡೈಕ್ಲೋಫೆನಾಕ್ ಬಿದ್ದರೆ ಒಣಗಿದ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಬಿಪಿ ಮಾತ್ರೆಯನ್ನೂ ಡಾಕ್ಟರ್ ಸದ್ಯಕ್ಕೆ ನಿಲ್ಲಿಸಿದರು, ಸೋಡಿಯಂ ಇಳಿಯಲು ಅದರಲ್ಲಿನ ನೀರು ಇಳಿಸುವ ಔಷಧವೂ ಕಾರಣ ಇರಬಹುದು ಅಂತ. ಡ್ರಿಪ್ ನಿಧಾನವಾಗಿ ಮತ್ತೆ ಶುರುವಾಯಿತು. ಬ್ಲಾಕ್ ಸಾಲದಿದ್ದರೆ ಮಾರ್ಫಿನ್ ಗುಂಪಿನ ಫೆಂಟನಿಲ್ ತುಂಬ ಕಡಿಮೆ ಡೋಸಿನಲ್ಲಿ ಅಂತ ಇತ್ತು. ಬಳಸುವ ಪ್ರಸಂಗ ಬರಲಿಲ್ಲ. ಒಂದು ಮಾತು ಇಲ್ಲಿ ಹೇಳಬೇಕು: ಮಾರ್ಫಿನ್ ಗುಂಪಿನ ಔಷಧ ಅಂದರೆ ವಾರ್ಡಿನಲ್ಲಿ ಈಗಲೂ ಹೆದರಿಕೆ. ಬೀಗ, ರಿಜಿಸ್ಟರ್, ಸಹಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದು ಆಸ್ಪತ್ರೆಗಳಿಗೆ ದಾರಿ ಸುಲಭವಾಗಿದೆ. ಆದರೂ ಕೈ ಹಿಂಜರಿಯುತ್ತದೆ. ಸರಿಯಾದ ಡೋಸ್ ಕೊಟ್ಟು, ಉಸಿರು ಮತ್ತು ಮಂಪರು ನೋಡುತ್ತಿದ್ದರೆ ವಯಸ್ಸಾದವರಿಗೂ ಕೊಡಬಹುದು. ಕೊಡದೆ ಬಿಡುವುದರಲ್ಲೂ ಅಪಾಯ ಇದೆ. ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸೊಂಟದ ಮೂಳೆ ಮುರಿದವರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಬುದ್ಧಿ ಸರಿ ಇದ್ದವರಲ್ಲಿ ನೋವಿಗೆ ಸರಿಯಾದ ಚಿಕಿತ್ಸೆ ಸಿಗದವರಿಗೆ ಡೆಲಿರಿಯಂ ಬರುವ ಸಾಧ್ಯತೆ ಒಂಬತ್ತು ಪಟ್ಟು ಕಂಡಿತ್ತು.

ಔಷಧ ಡಾಕ್ಟರ್ ಬರೆದರು. ಹೊತ್ತು ಹೊಂದಿಸುವುದು ನಮ್ಮ ಕೆಲಸ. ಮೈ ಒರೆಸುವುದು ಏಳಕ್ಕೆ, ಹಾಸಿಗೆ ಬದಲಿಸುವುದು ಒಂಬತ್ತಕ್ಕೆ, ಡ್ರೆಸ್ಸಿಂಗ್ ಹತ್ತಕ್ಕೆ, ಫಿಸಿಯೋ ಹನ್ನೆರಡಕ್ಕೆ ಅಂತ ನಮ್ಮ ಅನುಕೂಲಕ್ಕೆ ನಡೆದರೆ ಅಜ್ಜಿಗೆ ದಿನಕ್ಕೆ ನಾಲ್ಕು ಸಲ ಹದಿನಾಲ್ಕಾಣೆ. ಪ್ಯಾರಸಿಟಮಾಲ್ ಡ್ರಿಪ್ ಮುಗಿದು ಅರ್ಧ ಮುಕ್ಕಾಲು ಗಂಟೆಯ ನಂತರದ ಹೊತ್ತಿಗೆ ಹಾಸಿಗೆ, ಬೆಡ್‌ಪ್ಯಾನ್, ಫಿಸಿಯೋ ಮೂರನ್ನೂ ಜೋಡಿಸಿದೆವು. ಮಧ್ಯೆ ಸ್ವಲ್ಪ ಉಸಿರಾಡಲು ಬಿಟ್ಟು. ಫಿಸಿಯೋ ತಮ್ಮ ರೌಂಡಿನಲ್ಲಿ ಈ ಬೆಡ್ಡನ್ನು ಕೊನೆಗೆ ಇಟ್ಟುಕೊಳ್ಳಲು ಒಪ್ಪಿದರು.

ದೊಡ್ಡ ಬೆಡ್‌ಪ್ಯಾನ್ ಹೋಗಿ ಚಪ್ಪಟೆಯದು ಬಂತು. ಮೂಳೆ ಮುರಿದವರಿಗೆ ಅಂತಲೇ ಇರುವುದು, ಸ್ಟೋರಿನಲ್ಲಿ ಧೂಳು ಹಿಡಿದು ಕೂತಿತ್ತು. ಕಾಲುಗಳ ನಡುವೆ ದಿಂಬು ಇಟ್ಟು, ಇಬ್ಬರು ಸೇರಿ, ಮೈಯನ್ನೆಲ್ಲ ಒಟ್ಟಿಗೆ ಒಳ್ಳೆಯ ಕಾಲಿನ ಕಡೆ ಹೊರಳಿಸಿ ಇಡುವುದನ್ನು ಆಯಾಗೂ ಸೊಸೆಗೂ ತೋರಿಸಿದೆವು. ಹೊರಳಿಸುವ ಮೊದಲು ಅಜ್ಜಿಗೆ ಹೇಳಬೇಕು, “ಮೂರು ಅಂದಾಗ” ಅಂತ. ಹೇಳದೆ ಎತ್ತಿದರೆ ಮುಂದಿನ ಸಲ ಮುಟ್ಟುವ ಮೊದಲೇ ಮೈ ಬಿಗಿಯುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು. ಹೊಲಿಗೆಯ ಸುತ್ತ ಟವೆಲ್ಲಿನಲ್ಲಿ ಸುತ್ತಿದ ಐಸ್, 15 ನಿಮಿಷ.

ನೀರನ್ನು ಔಷಧದ ಹಾಗೆ ಬರೆದೆವು: ಎಚ್ಚರ ಇದ್ದಾಗ ಗಂಟೆಗೆ ಅರ್ಧ ಲೋಟ. ಅಜ್ಜಿ ಬರೀ ನೀರು ಒಲ್ಲೆ ಅಂದರು. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಆದರೆ ಸರಿ. ಡಯಟ್ ಹಾಳೆಯಲ್ಲಿ ಇದ್ದದ್ದು ಬ್ರೆಡ್ಡು ಹಾಲು. ಮಲಕ್ಕೆ ಲ್ಯಾಕ್ಟುಲೋಸ್ ಸಿರಪ್. ಕನ್ನಡಕ ಚೀಲದಿಂದ ಹೊರಗೆ ಬಂತು. ಮಂಚ ಕಿಟಕಿ ಕಡೆಗೆ. ಕೈ ಕಟ್ಟುವುದು ಬೇಡ, ನಿದ್ದೆ ಇಂಜೆಕ್ಷನ್ ಬೇಡ.

ಆಮೇಲೆ

ಬ್ಲಾಕ್ ಆದ ಒಂದು ಗಂಟೆಗೆ ಹೊರಳಿಸಿದಾಗ ಅಜ್ಜಿ ಆರಾಣೆ ಅಂದರು. ಹತ್ತಕ್ಕೆ ಸುಮಾರು 4. ಮಂಚದ ಅಂಚಿಗೆ ಕೂತರು, ಹತ್ತು ನಿಮಿಷ. ಉಸಿರೆಳೆದು ಬಾಲ್ ಎತ್ತುವ ಮೂರು ಬಾಲಿನ ಉಸಿರಾಟದ ಡಬ್ಬಿಯಲ್ಲಿ ಮೊದಲ ಬಾಲ್ ಎದ್ದಿತು. ಸಂಜೆಯೊಳಗೆ 700 ಎಂಎಲ್ ಕುಡಿದಿದ್ದರು.

ರಾತ್ರಿ ಚೆನ್ನಾಗಿರಲಿಲ್ಲ. ಹನ್ನೆರಡರ ಹೊತ್ತಿಗೆ ಬ್ಲಾಕ್ ಇಳಿಯುತ್ತದೆ ಅಂತ ಲೆಕ್ಕ ಹಾಕಿ ಪ್ಯಾರಸಿಟಮಾಲ್ ಡೋಸ್ ಹನ್ನೊಂದೂವರೆಗೆ ಬರುವ ಹಾಗೆ ಹೊಂದಿಸಿದ್ದೆವು. ನೋವು ಎಂಟಾಣೆಗಿಂತ ಮೇಲೆ ಹೋಗಲಿಲ್ಲ. ಆದರೆ ಎರಡು ಗಂಟೆಗೆ ಎದ್ದು ಎಮ್ಮೆ ಕರೆಯುತ್ತಿದೆ ಅಂದರು, ಕೈಗೆ ಹಾಕಿದ್ದ ಡ್ರಿಪ್ಪಿನ ಕ್ಯಾನುಲಾ ಕಿತ್ತುಕೊಂಡರು. ಸೊಸೆ ಕೈ ಹಿಡಿದು ಕೂತರು, ನೈಟ್ ಸಿಸ್ಟರ್ ಬೇರೆ ಕೈಗೆ ಕ್ಯಾನುಲಾ ಹಾಕಿದರು. ಡೆಲಿರಿಯಂ ಸ್ವಿಚ್ ಆರಿಸಿದಂತೆ ಹೋಗುವುದಿಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿರದಿದ್ದರೆ ಬೆಳಿಗ್ಗೆ ಜಗಳವೇ ಆಗುತ್ತಿತ್ತು.

ಮೂರನೇ ದಿನ ವಾಕರ್ ಹಿಡಿದು ನಿಂತರು, ಕಮೋಡ್ ಕುರ್ಚಿಗೆ ಹೋದರು. ಬೆಡ್‌ಪ್ಯಾನ್ ಅಲ್ಲಿಗೆ ಮುಗಿಯಿತು. ನಾಲ್ಕನೇ ದಿನ ವಾರಗಳನ್ನು ಹಿಂದಿನಿಂದ ಏಳೂ ಹೇಳಿದರು. ಸೋಡಿಯಂ 135, ಕ್ರಿಯಾಟಿನಿನ್ 1.1. ಏಳನೇ ದಿನ ಮನೆಗೆ.

ಮನೆಗೆ ಕಳಿಸುವಾಗ ಪ್ಯಾರಸಿಟಮಾಲ್ 650 ಮಾತ್ರೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ, ಮೊದಲ ವಾರ ನೋವು ಇರಲಿ ಬಿಡಲಿ ಹೊತ್ತಿಗೆ ಸರಿಯಾಗಿ. ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಸೇರಿಸಿ ನುಂಗಿಸಬೇಡಿ ಅಂದೆವು. ಊರಿನ ಮೆಡಿಕಲ್ ಸ್ಟೋರಿನಲ್ಲಿ ‘ಮೂಳೆ ನೋವಿಗೆ’ ಅಂತ ಕೇಳಿ ಏನೂ ತರಬೇಡಿ, ಕೊಡುವುದು ಡೈಕ್ಲೋಫೆನಾಕೇ ಆಗಿರುತ್ತದೆ. ಎಣ್ಣೆ ಹಾಕಿ ನೀವುವುದು ಬೇಡ. ಮೀನಖಂಡ ಊದಿದರೆ, ಉಸಿರು ಕಟ್ಟಿದರೆ, ಹೊಲಿಗೆಯಿಂದ ಕೀವು ಬಂದರೆ, ಕಡಿಮೆಯಾಗುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರಿದರೆ ತಕ್ಷಣ ಬನ್ನಿ. ನಿಂತ ಬಿಪಿ ಮಾತ್ರೆಯ ಬದಲು ಡಾಕ್ಟರ್ ಬೇರೆ ಬರೆದಿದ್ದರು, ಹಳೆಯ ಡಬ್ಬಿ ಎಸೆಯಲು ಹೇಳಿದೆವು. ಮಗ ಕೇಳಿದ್ದು ಒಂದೇ, “ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತಾ?”

ಚರ್ಚೆಗೆ

ಅಜ್ಜಿ ಹುಷಾರಾದದ್ದು ಬ್ಲಾಕ್‌ನಿಂದಲೋ, ಟ್ರಮಡಾಲ್ ನಿಲ್ಲಿಸಿದ್ದರಿಂದಲೋ, ನೀರು ಮತ್ತು ಸೋಡಿಯಂ ಸರಿಹೋದದ್ದರಿಂದಲೋ ಬಿಡಿಸಿ ಹೇಳಲಾಗುವುದಿಲ್ಲ. ಎಲ್ಲವನ್ನೂ ಒಂದೇ ದಿನ ಮಾಡಿದೆವು. ಕ್ಲಾಸಿನಲ್ಲಿ ಈ ಕೇಸ್ ಹೇಳಿದಾಗ ಹುಡುಗಿಯರು ಬ್ಲಾಕ್ ಹೆಸರನ್ನೇ ದೊಡ್ಡದಾಗಿ ಬರೆದುಕೊಳ್ಳುತ್ತಾರೆ. ಬ್ಲಾಕ್ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಹೊತ್ತಿಗೆ ಸರಿಯಾದ ಪ್ಯಾರಸಿಟಮಾಲ್, ಚಪ್ಪಟೆ ಬೆಡ್‌ಪ್ಯಾನ್, ಅಲ್ಲಾಡಿದಾಗಿನ ನೋವು ಕೇಳುವುದು ಇವು ತಾಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ. ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಸೊಸೆ ಬೆಡ್‌ಪ್ಯಾನ್ ವಿಷಯ ಬಾಯಿಬಿಟ್ಟಾಗ.

ವಾರ್ಡಿನ ನೋವಿನ ಹಾಳೆಯಲ್ಲಿ ಈಗ ಎರಡು ಕಾಲಂ ಇದೆ: ಮಲಗಿದಾಗ, ಅಲ್ಲಾಡಿದಾಗ. ರಾತ್ರಿ ಮೂವತ್ತು ರೋಗಿಗೆ ಇಬ್ಬರು ಸಿಸ್ಟರ್ ಇರುವ ಕಡೆ ನಾಲ್ಕು ಗಂಟೆಗೊಮ್ಮೆ ಎಲ್ಲರನ್ನೂ ಅಲ್ಲಾಡಿಸಿ ಕೇಳಿ ಅಂದರೆ ಯಾರೂ ಮಾಡುವುದಿಲ್ಲ, ಮಾಡಲೂ ಬಾರದು, ಮಲಗಿದವರನ್ನು ಎಬ್ಬಿಸಿದ ಹಾಗಾಗುತ್ತದೆ. ಅದಕ್ಕೆ ಎರಡನೇ ಕಾಲಂ ತುಂಬುವುದು ಹೇಗಿದ್ದರೂ ಹೊರಳಿಸುವಾಗ, ಬೆಡ್‌ಪ್ಯಾನ್ ಕೊಡುವಾಗ, ಫಿಸಿಯೋ ಬಂದಾಗ. ಐದು ದಾಟಿದರೆ ಡಾಕ್ಟರಿಗೆ ಫೋನ್. ಬೆಳಗಿನ ಹ್ಯಾಂಡೋವರಿನಲ್ಲಿ ಮೊದಲು ಓದುವುದು ಈ ಎರಡನೇ ಕಾಲಂ.